ತೀರ್ಥಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ಸಾರ್, ನಾವು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಮಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ನಮ್ಮನೆಯವರು ಮೇ ತಿಂಗಳ ಮಧ್ಯದಲ್ಲಿ ಹೋಗಿ ನವೆಂಬರ್ ಎರಡನೇ ವಾರ ಅಡಿಕೆ ಕೊನೆ (ಗೊನೆ) ಕೊಯ್ಲಿಗೆ ವಾಪಸ್ ಬರಬೇಕು. ಬೆಂಗಳೂರಿನಿಂದ ಅಲ್ಲಿಗೆ ಒಂದು ಕಡೆ 14,000 ಕಿಲೋಮೀಟರ್ ಅಂತ ಇದೆ, ಇನ್ನೊಂದು ಕಡೆ 16,000 ಅಂತ ಇದೆ, ಮತ್ತೊಂದು ಕಡೆ 7,550 ಅಂತಲೂ ನೋಡಿದೆ. ವಿಮಾನದ ವೇಗ ಗಂಟೆಗೆ 900 ಅಂತಾರೆ. ಭಾಗಿಸಿದರೆ ಬರುವ ಉತ್ತರಕ್ಕೂ ಟಿಕೆಟಿನಲ್ಲಿರುವ ಹೊತ್ತಿಗೂ ತಾಳೆಯೇ ಇಲ್ಲ. ಹೋಗುವಾಗ ಒಂದು ಲೆಕ್ಕ, ಬರುವಾಗ ಇನ್ನೊಂದು. ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪುತ್ತಾರಂತೆ, ಇದು ಹೇಗೆ? ಭೂಮಿ ತಿರುಗುವುದರಿಂದ ಹೀಗಾಗುತ್ತಾ? ಇನ್ನೊಂದು ಮಾತು, ನಗಬೇಡಿ. ನಮ್ಮನೆಯವರದು ಶನಿವಾರ ಒಪ್ಪೊತ್ತು. ವಿಮಾನದಲ್ಲಿ ಶನಿವಾರ ಯಾವಾಗ ಬರುತ್ತೆ?

ಉತ್ತರ: ನಗಲಿಲ್ಲ. ಶನಿವಾರದ ಪ್ರಶ್ನೆ ನಿಮ್ಮ ಪತ್ರದಲ್ಲಿರುವ ಅತಿ ಕಷ್ಟದ ಪ್ರಶ್ನೆ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ನಾನು ಬಹಳ ವರ್ಷ ವಿಮಾನ ಹಾರಿಸಿದವನಲ್ಲ, ವಿಮಾನಕ್ಕೆ ದಾರಿ ಹಾಕಿಕೊಟ್ಟವನು. ಡಿಸ್ಪ್ಯಾಚರ್ ಅಂತಾರೆ. ಇವತ್ತು ಗಾಳಿ ಎಲ್ಲಿ ಹೇಗಿದೆ, ಯಾವ ದೇಶದ ಮೇಲೆ ಹೋಗಬಹುದು, ಎಷ್ಟು ಇಂಧನ ತುಂಬಿಸಬೇಕು ಅಂತ ನೆಲದ ಮೇಲೆ ಕೂತು ಲೆಕ್ಕ ಹಾಕುವ ಕೆಲಸ. ಈಗ ಶಿವಮೊಗ್ಗದಲ್ಲಿ ಮನೆ. ನೆಂಟರಿಷ್ಟರೆಲ್ಲ ಟಿಕೆಟ್ ಹಿಡಿದುಕೊಂಡು ಬಂದು ಕೇಳುವ ಮೊದಲ ಪ್ರಶ್ನೆ ನಿಮ್ಮದೇ: "ಎಷ್ಟು ಕಿಲೋಮೀಟರ್?" ನಾನು ತಿರುಗಿ ಕೇಳುವುದು ಒಂದೇ. ಅಂಬಾರಗೋಡ್ಲಿನಿಂದ ಕಳಸವಳ್ಳಿ ಎಷ್ಟು ದೂರ?

ಶರಾವತಿ ಹಿನ್ನೀರಿನ ಆ ದಡ ಈ ದಡ. ನಿಂತರೆ ಆಚೆ ಕಡೆ ಕಾಣುತ್ತಿತ್ತು. ಆದರೆ 2025ರ ಜುಲೈಯಲ್ಲಿ ಸೇತುವೆ ಆಗುವ ತನಕ ಆ ಎರಡು ಚಿಲ್ಲರೆ ಕಿಲೋಮೀಟರ್ ದಾಟುವುದು ಲಾಂಚ್ ಕೈಯಲ್ಲಿತ್ತು. ಲಾಂಚ್ ಈ ಕಡೆ ಇದ್ದರೆ ಒಂದು ಲೆಕ್ಕ. ಆ ಕಡೆ ಇದ್ದರೆ ಇನ್ನೊಂದು. ಸಂಜೆ ಕೊನೇ ಲಾಂಚ್ ತಪ್ಪಿದರೆ ಹತ್ತಾರು ಕಿಲೋಮೀಟರ್ ಸುತ್ತು. ಅಲ್ಲಿಯವರು ಯಾರೂ ಕಿಲೋಮೀಟರ್ ಹೇಳುತ್ತಿರಲಿಲ್ಲ, ಹೊತ್ತು ಹೇಳುತ್ತಿದ್ದರು. ದೂರದ ವಿಮಾನಕ್ಕೂ ಹಾಗೇ. ಕಿಲೋಮೀಟರ್ ಬದಲಾಗದೆ ಕೂತಿರುತ್ತದೆ, ಹೊತ್ತನ್ನು ಗಾಳಿ ಮತ್ತು ಗಡಿ ತೀರ್ಮಾನಿಸುತ್ತವೆ.

ಹಾಗಂತ ನಿಮ್ಮ ಮೂರು ಸಂಖ್ಯೆಗಳನ್ನು ಬಿಟ್ಟುಬಿಡುವ ಹಾಗಿಲ್ಲ. ಮೂರೂ ಸರಿ. 14,000 ಅನ್ನುವುದು ಬೆಂಗಳೂರು ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಭೂಮಿಯ ಮೇಲ್ಮೈ ಮೇಲೆ ಇರುವ ಅತಿ ಹತ್ತಿರದ ದಾರಿ. ಸರಿಯಾಗಿ ಲೆಕ್ಕ ಹಾಕಿದರೆ 13,990ರ ಆಸುಪಾಸು ಬರುತ್ತದೆ. 7,550 ಅಂತ ನೋಡಿದ್ದು ಅದೇ ದೂರವೇ, ನಾಟಿಕಲ್ ಮೈಲಿಯಲ್ಲಿ. ಹಡಗಿನವರ ಅಳತೆ ಅದು, ವಿಮಾನದವರಿಗೂ ಬಂತು. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಸಾದಾ ಮೈಲಿಯಲ್ಲಿ ಹೇಳಿದರೆ 8,690ರ ಹತ್ತಿರ ಆಗುತ್ತದೆ, ಅದನ್ನೂ ಎಲ್ಲೋ ನೋಡಿ ಮತ್ತೆ ಗಾಬರಿ ಆಗಬೇಡಿ. ಇನ್ನು 16,000 ಅನ್ನುವುದು ವಿಮಾನ ನಿಜವಾಗಿ ಹಾರಿದ ದೂರ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದಾಗ ಪತ್ರಿಕೆಗಳಲ್ಲೆಲ್ಲ ಆ ಸಂಖ್ಯೆ ಬಂದಿತ್ತು. ಉತ್ತರ ಧ್ರುವದ ದಾರಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಿದ್ದ ಪೈಲಟ್‌ಗಳು, ಎಲ್ಲರೂ ಹೆಂಗಸರೇ. ಸುಮಾರು 17 ಗಂಟೆ ಹಾರಾಟ. ನಿಮ್ಮ ಮನೆಯವರಿಗೆ ಭಯ ಇದ್ದರೆ ಇದನ್ನು ಹೇಳಿ.

"ಅಮೆರಿಕಾ ಪಶ್ಚಿಮಕ್ಕೆ ಇದೆ, ಉತ್ತರ ಧ್ರುವದ ಕಡೆ ಯಾಕೆ ಹೋಗಬೇಕು?" ಅಂತ ಈಗ ಕೇಳುತ್ತೀರಿ. ಇದಕ್ಕೆ ಗೋಡೆ ಮೇಲಿನ ನಕ್ಷೆ ನೋಡಬೇಡಿ. ಚಪ್ಪಟೆ ನಕ್ಷೆ ಉತ್ತರದ ಜಾಗಗಳನ್ನು ಹಿಗ್ಗಿಸಿ ತೋರಿಸುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು ಅನ್ನಿಸುತ್ತದೆ. ನಿಜದಲ್ಲಿ ಆಫ್ರಿಕಾ ಹದಿನಾಲ್ಕು ಪಟ್ಟು ದೊಡ್ಡದು. ನಕ್ಷೆ ಬಿಟ್ಟು ಹಿತ್ತಿಲಿಗೆ ಹೋಗಿ ಒಂದು ಚಕ್ಕೋತದ ಹಣ್ಣು ಕೊಯ್ದುಕೊಂಡು ಬನ್ನಿ. ಒಂದೆಳೆ ಬಾಳೆನಾರೂ ಬೇಕು.

ತೊಟ್ಟು ಮೇಲೆ ಬರುವ ಹಾಗೆ ಹಣ್ಣು ಇಡಿ. ತೊಟ್ಟೇ ಉತ್ತರ ಧ್ರುವ. ಹಣ್ಣಿನ ಸೊಂಟದ ಸುತ್ತ ಇರುವುದು ಭೂಮಧ್ಯರೇಖೆ. ಸೊಂಟಕ್ಕಿಂತ ಸ್ವಲ್ಪ ಮೇಲೆ ಒಂದು ಚುಕ್ಕೆ ಇಡಿ, ಅದು ಬೆಂಗಳೂರು. ಈಗ ಹಣ್ಣು ತಿರುಗಿಸಿ ಹೆಚ್ಚುಕಡಿಮೆ ಬೆನ್ನ ಹಿಂದೆ, ಸೊಂಟದಿಂದ ತೊಟ್ಟಿಗೆ ಇರುವ ದೂರದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಎತ್ತರದಲ್ಲಿ ಇನ್ನೊಂದು ಚುಕ್ಕೆ. ಅದು ಸ್ಯಾನ್ ಫ್ರಾನ್ಸಿಸ್ಕೋ. ಎರಡರ ನಡುವೆ ನಾರನ್ನು ಬಿಗಿಯಾಗಿ ಎಳೆಯಿರಿ. ನಾರು ತಾನಾಗಿಯೇ ಸೊಂಟ ಬಿಟ್ಟು ತೊಟ್ಟಿನ ಕಡೆಗೆ ಏರುತ್ತದೆ, ಅಲ್ವಾ? ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಪೂರ್ವದ ಕಡೆಯಿಂದ 160 ಡಿಗ್ರಿ ಅಂತರ. ಹೆಚ್ಚುಕಡಿಮೆ ಭೂಮಿಯ ಎದುರು ಬದಿ. ಎದುರು ಬದಿಗೆ ಹೋಗುವವನಿಗೆ ಮೇಲಿನಿಂದ ದಾಟುವುದೇ ಹತ್ತಿರ.

ಆ ನಾರಿನ ದಾರಿಯನ್ನೇ ಭೂಮಿ ಮೇಲೆ ಹಾಕಿದರೆ ಹೀಗೆ ಹೋಗುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ, ಒಂಚೂರು ಪೂರ್ವಕ್ಕೆ ವಾಲಿಕೊಂಡು. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ. 71 ಡಿಗ್ರಿ ಉತ್ತರಕ್ಕೆ ಮುಟ್ಟಿ ಆರ್ಕ್‌ಟಿಕ್ ಕರಾವಳಿ ಸವರಿಕೊಂಡು ಅಲಾಸ್ಕಾ. ಅಲ್ಲಿಂದ ಪೆಸಿಫಿಕ್ ಸಾಗರದ ಮೇಲೆ ಕೆಳಕ್ಕೆ ಇಳಿದು ಸ್ಯಾನ್ ಫ್ರಾನ್ಸಿಸ್ಕೋ.

ಚೆಂದದ ದಾರಿ. ಆದರೆ ಯಾವ ವಿಮಾನವೂ ಈ ಗೆರೆ ಮೇಲೆ ಅಷ್ಟಕ್ಕಷ್ಟೇ ಹೋಗುವುದಿಲ್ಲ. 14,000 ಮತ್ತು 16,000ದ ನಡುವಿನ ವ್ಯತ್ಯಾಸ ಹುಟ್ಟುವುದೇ ಇಲ್ಲಿ.

ಮೊದಲ ತಡೆ ಟಿಬೆಟ್. ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ, ಬೆಟ್ಟಕ್ಕೆ ತಾಗುವ ಪ್ರಶ್ನೆ ಇಲ್ಲ. ಪ್ರಶ್ನೆ ಬೇರೆ. ಒಳಗಿನ ಗಾಳಿಯ ಒತ್ತಡ ಏನಾದರೂ ತಪ್ಪಿದರೆ ಪೈಲಟ್ ತಕ್ಷಣ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ಅಷ್ಟು ಕೆಳಗೆ ಬಂದರೆ ಜನ ಮಾಸ್ಕ್ ಇಲ್ಲದೆ ಉಸಿರಾಡಬಹುದು. ತಲೆ ಮೇಲಿನಿಂದ ಜೋತುಬೀಳುವ ಆಮ್ಲಜನಕದ ಮಾಸ್ಕ್ ಸಾಮಾನ್ಯವಾಗಿ ಕಾಲು ಗಂಟೆ ಹೊತ್ತಿನದು. ಟಿಬೆಟ್ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯುವುದಾದರೂ ಎಲ್ಲಿಗೆ? ಅದಕ್ಕೇ ಆದಷ್ಟು ಆ ಭಾಗ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಾರೆ.

ಎರಡನೆಯದು ಎಂಜಿನ್ ಲೆಕ್ಕ. ಎರಡು ಎಂಜಿನ್ನಿನ ವಿಮಾನ, ಒಂದು ನಿಂತರೂ ಇನ್ನೊಂದರಲ್ಲಿ ಗೊತ್ತಾದ ಹೊತ್ತಿನೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವ ಹಾಗೆ ದಾರಿ ಇರಬೇಕು. ಸಾಗರದ ಮೇಲೆ, ಹಿಮದ ಮೇಲೆ ಹೋಗುವಾಗ ಈ ನಿಯಮ ದಾರಿಯನ್ನು ಆಚೀಚೆ ಬಗ್ಗಿಸುತ್ತದೆ.

ಮೂರನೆಯದು ಗಡಿ. ನನ್ನ ಕಾಲದಲ್ಲಿ ಇಷ್ಟು ರಗಳೆ ಇರಲಿಲ್ಲ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕಾ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಸೈಬೀರಿಯಾ ಮೇಲಿನ ಹತ್ತಿರದ ದಾರಿ ಅವರಿಗೆ ಇಲ್ಲ. ಅಮೆರಿಕಾದ ಎರಡು ಕಂಪನಿಗಳು ಬೆಂಗಳೂರಿಗೆ ನೇರ ವಿಮಾನ ಹಾಕುತ್ತೇವೆ ಅಂತ ಹೇಳಿದ್ದವು, ಒಂದು ಸಿಯಾಟಲ್‌ನಿಂದ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ. ಎರಡೂ ಹಾರಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಅಮೆರಿಕಾಕ್ಕೆ ಹೋಗುವ ಕೆಲವು ವಿಮಾನಗಳು ದಾರಿಯಲ್ಲಿ ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಕಿಲೋಮೀಟರ್ ಹೇಳುವ ಇಂಟರ್ನೆಟ್ ಪುಟಗಳಿಗೆ ಇದ್ಯಾವುದೂ ಗೊತ್ತಿಲ್ಲ. ಅವು ಎರಡು ಚುಕ್ಕೆ ನಡುವೆ ನಾರು ಎಳೆದು ಸುಮ್ನೆ ಒಂದು ಸಂಖ್ಯೆ ಕೊಡುತ್ತವೆ.

ಈಗ ಗಾಳಿಗೆ ಬರೋಣ. ನನಗೆ ಇದರ ಬಗ್ಗೆ ಮಾತು ಶುರುವಾದರೆ ನಿಲ್ಲುವುದಿಲ್ಲ, ಸಹಿಸಿಕೊಳ್ಳಿ.

ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಅಂತಾರೆ. ಹೊಳೆ ಅಂದದ್ದು ಉಪಮೆಗಲ್ಲ. ಅವಕ್ಕೆ ದಡ ಇದೆ, ತಿರುವು ಇದೆ, ಸೆಳವು ಇದೆ. ಗಂಟೆಗೆ ನೂರೈವತ್ತು, ಇನ್ನೂರು ಕಿಲೋಮೀಟರ್ ಮಾಮೂಲು. ಚಳಿಗಾಲದಲ್ಲಿ ಮುನ್ನೂರು ದಾಟುವುದೂ ಉಂಟು. ಜಪಾನಿನ ವಾಸಾಬುರೋ ಓಯಿಶಿ ಅನ್ನುವ ಹವಾಮಾನ ತಜ್ಞರು 1920ರ ದಶಕದಲ್ಲೇ ಬಲೂನು ಬಿಟ್ಟು ಇದನ್ನು ಅಳೆದಿದ್ದರು. ಜಗತ್ತಿಗೆಲ್ಲ ಗೊತ್ತಾಗಲಿ ಅಂತ ಎಸ್ಪರಾಂಟೊ ಭಾಷೆಯಲ್ಲಿ ವರದಿ ಬರೆದರು. ಎಲ್ಲರಿಗೂ ಒಂದೇ ಭಾಷೆ ಇರಲಿ ಅಂತ ಕಟ್ಟಿದ ಭಾಷೆ ಅದು. ಅದನ್ನು ಓದಬಲ್ಲವರೇ ಕಡಿಮೆ, ವರದಿ ಮೂಲೆಗೆ ಬಿತ್ತು. 1944ರಲ್ಲಿ ಅಮೆರಿಕಾದ ಬಾಂಬರ್ ವಿಮಾನಗಳು ಜಪಾನಿನ ಮೇಲೆ ಹೋಗಿ ಎದುರುಗಾಳಿಗೆ ಸಿಕ್ಕಿ ಒದ್ದಾಡಿದಾಗಲೇ ಉಳಿದವರಿಗೆ ಅದರ ಜೋರು ಗೊತ್ತಾದದ್ದು.

ತುಂಗೆಯಲ್ಲಿ ದೋಣಿ ಹಾಕಿದವರಿಗೆ ಉಳಿದದ್ದು ಹೇಳಬೇಕಾಗಿಲ್ಲ. ಸೆಳವಿನ ಜೊತೆ ಹೋದರೆ ಹುಟ್ಟು ಹಾಕದಿದ್ದರೂ ನಡೆಯುತ್ತದೆ. ಎದುರಿಗೆ ಹೋದರೆ ರಟ್ಟೆ ಬಿದ್ದುಹೋಗುತ್ತದೆ. ವಿಮಾನದ 900 ಕಿಲೋಮೀಟರ್ ವೇಗ ಅನ್ನುವುದು ಸುತ್ತಲಿನ ಗಾಳಿಯ ಲೆಕ್ಕದಲ್ಲಿ. ನೆಲದ ಲೆಕ್ಕ ಬೇರೆ. ಹಿಂದಿನಿಂದ ನೂರು ಕಿಲೋಮೀಟರ್ ಗಾಳಿ ಇದ್ದರೆ ನೆಲದ ಮೇಲೆ ಗಂಟೆಗೆ ಸಾವಿರ ಸಾಗುತ್ತದೆ, 14,000ಕ್ಕೆ 14 ಗಂಟೆ. ಅದೇ ಗಾಳಿ ಎದುರಿಗಿದ್ದರೆ ಗಂಟೆಗೆ 800, ಹದಿನೇಳೂವರೆ ಗಂಟೆ. ಮೂರೂವರೆ ಗಂಟೆ ವ್ಯತ್ಯಾಸ, ಬರೀ ಗಾಳಿಯಿಂದ. ಇಲ್ಲಿ ಇನ್ನೊಂದು ತಮಾಷೆ ಇದೆ. ಹೋಗುವಾಗ ಉಳಿದದ್ದು ಬರುವಾಗ ಕಳೆದು ಸಮ ಆಗುತ್ತದೆ ಅಂದುಕೊಳ್ಳುತ್ತೇವೆ. ಆಗುವುದಿಲ್ಲ. ಗಾಳಿ ಇಲ್ಲದಿದ್ದರೆ ಹೋಗಿಬರಲು 31 ಗಂಟೆ, ಗಾಳಿ ಇದ್ದರೆ ಮೂವತ್ತೊಂದೂವರೆ. ಗಾಳಿ ಯಾವಾಗಲೂ ಸ್ವಲ್ಪ ಬಡ್ಡಿ ಇಟ್ಟುಕೊಂಡೇ ಕೊಡುತ್ತದೆ.

ಗಾಳಿಗಾಗಿ ಸುತ್ತು ಹಾಕಿದ ಉದಾಹರಣೆ ಬೇಕೇ? 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾದ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ದಾರಿ ಹಿಡಿಯಿತು. ಮೊದಲಿನ ದಾರಿ ಸುಮಾರು 13,900 ಕಿಲೋಮೀಟರ್. ಹೊಸದು 15,300. ಸಾವಿರದ ನಾನೂರು ಕಿಲೋಮೀಟರ್ ಜಾಸ್ತಿ ಹಾರಿ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಅಂದರೆ ಮೊದಲಿಗಿಂತ ಬೇಗ! ಪೂರ್ವಕ್ಕೆ ಹೋದರೆ ಬೆನ್ನ ಹಿಂದೆ ಗಾಳಿ. ಪಶ್ಚಿಮಕ್ಕೆ ಹೋದರೆ ಎದೆಗೆ ಗಾಳಿ. ನಮ್ಮ ಮೇಜಿನಲ್ಲಿ ಇಂಥ ದಿನ ಬಂದರೆ ಹಬ್ಬ.

ಅದಕ್ಕೇ ಬೆಂಗಳೂರಿನಿಂದ ಹೋಗುವ ವಿಮಾನ ಪೂರ್ವಕ್ಕೆ ಹೋಗಿ ಪೆಸಿಫಿಕ್ ದಾಟಿಯೂ ಹೋಗಬಹುದು, ಬರುವ ವಿಮಾನ ಬೇರೆ ಕಡೆಯಿಂದ ಬರಬಹುದು. ಅವತ್ತಿನ ಗಾಳಿ ನೋಡಿ ಹೊರಡುವ ಕೆಲವು ಗಂಟೆ ಮೊದಲು ದಾರಿ ಬರೆಯುತ್ತಾರೆ. ಟಿಕೆಟಿನಲ್ಲಿ ಇರುವ ಹೊತ್ತು ಆ ತಿಂಗಳ ವಾಡಿಕೆಯ ಗಾಳಿ ಇಟ್ಟುಕೊಂಡು ಹಾಕಿದ ಅಂದಾಜು. ಅದರಲ್ಲಿ ನೆಲದ ಮೇಲೆ ಉರುಳುವ ಹೊತ್ತೂ ಸೇರಿರುತ್ತದೆ. ನೀವು 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಬರುತ್ತದೆ. ಬಳಸುದಾರಿ, ಏರುವುದು, ಇಳಿಯುವುದು, ರನ್‌ವೇಗೆ ಸರದಿ ಕಾಯುವುದು ಎಲ್ಲ ಸೇರಿಸಿ ನೇರ ವಿಮಾನಕ್ಕೆ ಹದಿನಾರರಿಂದ ಹದಿನೇಳೂವರೆ ಗಂಟೆ ಅಂತ ಇಟ್ಟುಕೊಳ್ಳಿ.

ಭೂಮಿ ತಿರುಗುವುದರಿಂದ ಏನೂ ಲಾಭ ಇಲ್ಲ, ನಷ್ಟವೂ ಇಲ್ಲ. ಭೂಮಧ್ಯರೇಖೆ ಹತ್ತಿರ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದೆ, ನಿಜ. ಆದರೆ ಗಾಳಿಯೂ ಅದರ ಜೊತೆಗೇ ತಿರುಗುತ್ತಿದೆ. ಶಿವಮೊಗ್ಗ ಬಸ್ಸಿನೊಳಗೆ ಒಂದು ನೊಣ ಹಾರಾಡುತ್ತಿದ್ದರೆ ಅದು ಹಿಂದಿನ ಗಾಜಿಗೆ ಹೋಗಿ ಬಡಿಯುವುದಿಲ್ಲ, ಅಲ್ವಾ? ಅಷ್ಟೇ.

ನೇರ ವಿಮಾನವೇ ಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೇರ ವಿಮಾನದ ದಿನ, ವೇಳೆ ಬದಲಾಗುತ್ತಲೇ ಇರುತ್ತವೆ. ಟಿಕೆಟ್ ಮಾಡುವ ದಿನ ಏನಿದೆ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ನಡುವೆ ಒಂದು ಕಡೆ ಇಳಿದು ಹೋಗುವುದು. ದುಬೈ ಮೇಲೆ ಹೋದರೆ ಬೆಂಗಳೂರಿನಿಂದ ದುಬೈಗೆ 2,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,000 ಚಿಲ್ಲರೆ. ಒಟ್ಟು 15,700 ದಾಟುತ್ತದೆ. ಫ್ರಾಂಕ್‌ಫರ್ಟ್ ಮೇಲೆ 7,400 ಮತ್ತು 9,100 ಚಿಲ್ಲರೆ ಸೇರಿ 16,500. ಸಿಂಗಾಪುರದ ಮೇಲೆ ಸುಮಾರು 16,800. ಜನ ಹೆದರುವಷ್ಟು ಸುತ್ತು ಏನಿಲ್ಲ, ಹಾರಾಟದಲ್ಲಿ ಎರಡು ಮೂರು ಗಂಟೆ ಜಾಸ್ತಿ. ಹೊತ್ತು ತಿನ್ನುವುದು ನಡುವಿನ ಕಾಯುವಿಕೆ. ಟಿಕೆಟಿನಲ್ಲಿ 22 ಗಂಟೆ ಅಂತಿದ್ದರೆ ಚಿಂತೆ ಇಲ್ಲ, 34 ಅಂತಿದ್ದರೆ ಯಾವುದೋ ನಿಲ್ದಾಣದ ಕುರ್ಚಿಯಲ್ಲಿ ಒಂದು ರಾತ್ರಿ ಅಂತ ಅರ್ಥ. ಒಬ್ಬರೇ ಹೋಗುವ ಅರವತ್ತರ ಹೆಂಗಸಿಗೆ ನನ್ನ ಮಟ್ಟಿಗೆ ಎರಡೂವರೆಯಿಂದ ನಾಲ್ಕು ಗಂಟೆ ಕಾಯುವ ಟಿಕೆಟ್ ಸರಿ. ಒಂದೂವರೆ ಗಂಟೆಯದು ಅಗ್ಗ ಸಿಕ್ಕರೂ ಬೇಡ. ಅಷ್ಟು ದೊಡ್ಡ ನಿಲ್ದಾಣದಲ್ಲಿ ಓಡುವುದು ಯಾರ ಕೈಲಾಗುತ್ತದೆ?

ಇನ್ನು ನಮ್ಮ ಊರಿನ ತುದಿ. ಎಲ್ಲರೂ ಎಡವುವುದು ಇಲ್ಲೇ.

ಶಿವಮೊಗ್ಗ ಹತ್ತಿರದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಿಂದ ವಿಮಾನ ಹಾರುತ್ತಿದೆ. ಬೆಂಗಳೂರಿಗೆ ಆಕಾಶದ ದಾರಿ 240 ಕಿಲೋಮೀಟರಿನ ಒಳಗೇ. ಫ್ಯಾನಿನ ಹಾಗೆ ತಿರುಗುವ ರೆಕ್ಕೆಯ ಸಣ್ಣ ವಿಮಾನಕ್ಕೂ ಒಂದು ಗಂಟೆಯ ಮಾತು. ಕೇಳಲು ಚೆಂದ. ಆದರೆ ಮಲೆನಾಡಿನ ಮಳೆ, ಮಂಜು ನಿಮಗೆ ನಾನು ಹೇಳಬೇಕಾ? ರನ್‌ವೇ ಕಾಣದಿದ್ದರೆ ವಿಮಾನ ಇಳಿಯುವುದಿಲ್ಲ. ಇಷ್ಟೆಲ್ಲ ಲೆಕ್ಕ ಗೊತ್ತಿದ್ದ ನಾನೇ ಒಂದು ಜುಲೈಯಲ್ಲಿ ಬೆಪ್ಪಾದೆ. ಬೆಂಗಳೂರಿನಿಂದ ಹೊರಗೆ ಹೋಗುವ ಟಿಕೆಟ್ ಬೇರೆ, ಶಿವಮೊಗ್ಗ-ಬೆಂಗಳೂರು ಟಿಕೆಟ್ ಬೇರೆ ಮಾಡಿಸಿದ್ದೆ. ನಡುವೆ ಐದು ಗಂಟೆ ಇತ್ತು, ಸಾಕು ಅಂದುಕೊಂಡೆ. ಬರಬೇಕಾದ ವಿಮಾನ ಮೋಡದ ಮೇಲೆ ಎರಡು ಸುತ್ತು ಹಾಕಿ ವಾಪಸ್ ಹೋಯಿತು. ಕಾರು ಮಾಡಿಕೊಂಡು ಓಡಿದರೂ ಸಿಗಲಿಲ್ಲ. ಎರಡೂ ಒಂದೇ ಟಿಕೆಟಿನಲ್ಲಿ ಇದ್ದಿದ್ದರೆ ಮುಂದಿನ ವಿಮಾನಕ್ಕೆ ಹಾಕಿಕೊಡುವುದು ಅವರ ಹೊಣೆ ಆಗುತ್ತಿತ್ತು. ಬೇರೆ ಬೇರೆ ಆದ್ದರಿಂದ ದೊಡ್ಡ ಟಿಕೆಟಿನ ದುಡ್ಡು ಹೋಯಿತು. ಮನೆಯಲ್ಲಿ ಈಗಲೂ ಆ ವಿಷಯ ಎತ್ತಿದರೆ ನಾನು ತೋಟದ ಕಡೆ ಎದ್ದು ಹೋಗುತ್ತೇನೆ.

ಸಾಮಾನಿನ ತೂಕವೂ ಅದೇ ಕಥೆ. ಅಮೆರಿಕಾಕ್ಕೆ ಹಲವು ಕಂಪನಿಗಳು 23 ಕೆ.ಜಿ.ಯ ಎರಡು ಪೆಟ್ಟಿಗೆ ಬಿಡುತ್ತವೆ. ಒಳನಾಡಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಅಪ್ಪೆಮಿಡಿ ಉಪ್ಪಿನಕಾಯಿ, ಬಾಣಂತಿ ಲೇಹ, ಮಗುವಿನ ಕುಲಾವಿ ಎಲ್ಲ ಸೇರಿ ನಲವತ್ತು ದಾಟದೆ ಇರುತ್ತದೆಯೇ? ಹಾಗಾಗಿ ರೈಲು ಅಥವಾ ಕಾರಿನಲ್ಲಿ ಹಿಂದಿನ ದಿನವೇ ಬೆಂಗಳೂರು ಸೇರಿ ನೆಂಟರ ಮನೆಯಲ್ಲಿ ಮಲಗಿ. ರೈಲು ಇಳಿದ ಮೇಲೂ ದೇವನಹಳ್ಳಿ ಕಡೆಗೆ ಮೂವತ್ತೈದು ನಲವತ್ತು ಕಿಲೋಮೀಟರ್ ಇದೆ ಅನ್ನುವುದು ನೆನಪಿರಲಿ.

ಈಗ ಗಡಿಯಾರ. ಒಂದೇ ಉಪಾಯ. ಪೂರ್ತಿ ಪ್ರಯಾಣವನ್ನು ನಮ್ಮ ಗಡಿಯಾರದಲ್ಲೇ ಲೆಕ್ಕ ಹಾಕಿ, ಕೊನೆಗೆ ಒಂದೇ ಸಲ ಅಲ್ಲಿಯದಕ್ಕೆ ಬದಲಿಸಿ. ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಹಗಲು-ರಾತ್ರಿ ಅದಲುಬದಲು ಮಾಡಿ ಅರ್ಧ ಗಂಟೆ ಕಳೆದರೆ ಮುಗಿಯಿತು. ನಮ್ಮಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಅದೇ ದಿನ ಬೆಳಿಗ್ಗೆ ಎಂಟು.

ಒಂದು ಮಾದರಿ ಹಾಕಿ ತೋರಿಸುತ್ತೇನೆ. ಭಾನುವಾರ ಬೆಳಿಗ್ಗೆ 9ಕ್ಕೆ ತೀರ್ಥಹಳ್ಳಿ ಬಿಟ್ಟರು. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ, ಅಲ್ಲಿಂದ ಸಂಜೆಯೊಳಗೆ ಬೆಂಗಳೂರು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಿಮಾನ ನಿಲ್ದಾಣ. ಮಧ್ಯಾಹ್ನ 2ಕ್ಕೆ ನೇರ ವಿಮಾನ ಹೊರಟಿತು ಅನ್ನೋಣ. ಹದಿನಾರೂವರೆ ಗಂಟೆ ಸೇರಿಸಿ. ನಮ್ಮ ಗಡಿಯಾರದಲ್ಲಿ ಮಂಗಳವಾರ ಬೆಳಿಗ್ಗೆ ಆರೂವರೆ. ಹನ್ನೆರಡೂವರೆ ಕಳೆಯಿರಿ. ಅಲ್ಲಿ ಸೋಮವಾರ ಸಂಜೆ 6. ಹೊರಟ ದಿನವೇ ತಲುಪಿದ್ದು! ಮಾಯ ಏನಿಲ್ಲ. ಅವರ ಸೋಮವಾರ ಇನ್ನೂ ಮುಗಿದಿರಲಿಲ್ಲ ಅಷ್ಟೇ. ಪಾಸ್‌ಪೋರ್ಟ್ ಸಾಲು, ಪೆಟ್ಟಿಗೆ, ಕಾರು ಎಲ್ಲ ಸೇರಿ ಸನ್ನಿವೇಲ್ ಮನೆ ಮುಟ್ಟುವಾಗ ಅಲ್ಲಿ ರಾತ್ರಿ 9. ತೀರ್ಥಹಳ್ಳಿಯಲ್ಲಿ ನಿಮಗೆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ಮನೆಯಿಂದ ಮನೆಗೆ ನಲವತ್ತೆಂಟೂವರೆ ಗಂಟೆ. ಅದರಲ್ಲಿ ವಿಮಾನದೊಳಗೆ ಕೂತದ್ದು ಮೂರನೇ ಒಂದು ಪಾಲು.

ಅವರಿಗೆ ಇದನ್ನೂ ಹೇಳಿಡಿ. ದಾರಿ ಅಷ್ಟು ಉತ್ತರಕ್ಕೆ ಬಿದ್ದರೆ ಮೇ ತಿಂಗಳಲ್ಲಿ ಅಲ್ಲಿ ಪೂರ್ತಿ ಕತ್ತಲು ಆಗುವುದೇ ಇಲ್ಲ. ಕಿಟಕಿ ಪರದೆ ಸರಿಸಿದರೆ ಮುಸ್ಸಂಜೆ ಹಾಗೇ ಬೆಳಗಾಗಿಬಿಡುತ್ತದೆ. ರಾತ್ರಿ ಆಗಲಿ ಮಲಗೋಣ ಅಂತ ಕಾದರೆ ನಿದ್ದೆ ಕೆಡುತ್ತದೆ. ಕೈಗಡಿಯಾರ ನಮ್ಮ ವೇಳೆಯಲ್ಲೇ ಇರಲಿ. ಬಿ.ಪಿ., ಸಕ್ಕರೆ ಮಾತ್ರೆ ಇದ್ದರೆ ಕೈಚೀಲದಲ್ಲಿಟ್ಟುಕೊಂಡು, ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರ ಹತ್ತಿರ ನಮ್ಮ ಗಡಿಯಾರದ ಲೆಕ್ಕದಲ್ಲೇ ಬರೆಸಿಕೊಳ್ಳಲಿ.

ಬರುವಾಗ ಒಂದು ತೊಡಕು ಇದೆ. ನವೆಂಬರ್ ಮೊದಲ ಭಾನುವಾರ ಅಮೆರಿಕಾದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ವ್ಯತ್ಯಾಸ ಹದಿಮೂರೂವರೆ ಗಂಟೆ. ನಿಮ್ಮನೆಯವರು ಎರಡನೇ ವಾರ ಹೊರಡುವುದಾದರೆ ಈ ಲೆಕ್ಕವೇ. ಟಿಕೆಟಿನಲ್ಲಿ ಆಯಾ ಊರಿನ ವೇಳೆಯೇ ಇರುತ್ತದೆ, ಅದು ತಪ್ಪುವುದಿಲ್ಲ. ನೀವು ಮನೆಯಲ್ಲಿ ಕೂತು ಹಳೇ ಹನ್ನೆರಡೂವರೆ ಕಳೆದು "ಇಷ್ಟು ಹೊತ್ತಿಗೆ ಹೊರಟಿರಬೇಕಿತ್ತಲ್ಲ" ಅಂತ ಗಾಬರಿ ಆಗುವುದು ಬೇಡ ಅಂತ ಹೇಳಿದೆ.

ಈಗ ಶನಿವಾರ. ಹೋಗುವಾಗ ತೊಂದರೆ ಇಲ್ಲ. ಸೋಮವಾರ ಹೊರಟರೆ ಸೋಮವಾರ ತಲುಪುತ್ತಾರೆ. ಶನಿವಾರವೇ ಹೊರಟರೆ ಮಾತ್ರ ಕಷ್ಟ, ಆ ಶನಿವಾರ ಮೂವತ್ತಾರೂವರೆ ಗಂಟೆ ಉದ್ದ ಆಗುತ್ತದೆ. ಒಪ್ಪೊತ್ತು ಮಾಡುವವರಿಗೆ ಅದು ಶಿಕ್ಷೆ. ಬರುವಾಗ ತಿರುಗುಮುರುಗು. ಅಲ್ಲಿ ಶುಕ್ರವಾರ ರಾತ್ರಿ 9ಕ್ಕೆ ಹೊರಟರೆ ನಮ್ಮಲ್ಲಿ ಆಗಲೇ ಶನಿವಾರ ಬೆಳಿಗ್ಗೆ ಹತ್ತೂವರೆ. ಹದಿನೇಳೂವರೆ ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ ಜಾವ 4. ಅವರ ಪಾಲಿಗೆ ಶನಿವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಯಿತು. 2021ರ ಆ ಮೊದಲ ವಿಮಾನದವರಿಗೂ ಹೀಗೇ ಆಗಿತ್ತು. ಶನಿವಾರ ರಾತ್ರಿ ಹತ್ತಿದವರು ಇಳಿದದ್ದು ಸೋಮವಾರ ಬೆಳಗಿನ ಜಾವ, ಭಾನುವಾರ ಯಾರ ಕೈಗೂ ಸಿಗಲಿಲ್ಲ. ನಿಮ್ಮನೆಯವರಿಗೆ ಗುರುವಾರ ರಾತ್ರಿಯ ಟಿಕೆಟ್ ಮಾಡಿಸಿ. ಕಳೆದುಹೋಗುವುದು ಶುಕ್ರವಾರ ಆಗುತ್ತದೆ. ಶನಿವಾರ ಬೆಳಗಿನ ಜಾವ ಇಳಿದು, ಒಪ್ಪೊತ್ತಿನ ಊಟವನ್ನು ಬೆಂಗಳೂರಿನ ನೆಂಟರ ಮನೆಯಲ್ಲಿ ಮುಗಿಸಿ, ಭಾನುವಾರ ತೀರ್ಥಹಳ್ಳಿಗೆ ಬರಲಿ. ಸೋಮವಾರ ಅಡಿಕೆ ಕೊಯ್ಯುವ ಕೊನೆಗಾರರನ್ನು ಕರೆಸಿಕೊಳ್ಳಿ, ಅದಕ್ಕೆ ಮೊದಲು ಬೇಡ. ಒಂದು ದಿನ ನಿದ್ದೆ ಮಾಡಲು ಬಿಡಿ.